ಯಾರ ಹಂಗೂ ಬೇಡ ಅನ್ನೋರಿಗೆ

ಪ್ರಶ್ನೆ: ನನಗೆ 41 ವರ್ಷ. ಮದುವೆಯಾಗಿ 16 ವರ್ಷ ಆಯಿತು. ಬೆಳಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ ಸ್ಫೂರ್ತಿ ಮಾತುಗಳ ರಾಶಿ. ಓದುತ್ತೇನೆ, ತಿಂಡಿ ಮಾಡೋ ಹೊತ್ತಿಗೆ ಮರೆತಿರುತ್ತೇನೆ. ಗಂಡ ಒಳ್ಳೆಯವರು. ಜಗಳ ಇಲ್ಲ, ಮಾತೂ ಇಲ್ಲ. ಯಾರ ಹಂಗೂ ಇಲ್ಲದೆ ಎಲ್ಲ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಅದೇ ನನ್ನ ಹೆಮ್ಮೆ. ಆದರೂ ಮನಸ್ಸು ಒಣಗಿಹೋಗಿದೆ. ಸ್ಫೂರ್ತಿ ಎಲ್ಲಿ ಹುಡುಕಲಿ?
– ಹೆಸರು ಬೇಡ, ಕುವೆಂಪುನಗರ, ಮೈಸೂರು

ಉತ್ತರ: ತಂಗಿ, ನಿಮ್ಮ ಪತ್ರ ಓದುತ್ತಾ ನಾನು ನಿಂತಿದ್ದು 'ಯಾರ ಹಂಗೂ ಇಲ್ಲದೆ' ಅನ್ನೋ ಕಡೆ.

ನಾನು ಮಂಡ್ಯ ಕಡೆಯ ಹಳ್ಳಿಯವಳು. ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಎಲ್ಲರ ಗದ್ದೆಗೂ ಒಟ್ಟಿಗೇ ನಾಟಿ ಬರುತ್ತದೆ. ಒಟ್ಲು ಪೈರು, ಅಂದರೆ ನಾಟಿಗೆ ಅಂತ ಬೆಳೆಸಿದ ಸಸಿ, ಯಾರಿಗೂ ಕಾಯೋದಿಲ್ಲ, ಬಲಿತರೆ ಇಳುವರಿ ಕಮ್ಮಿ. ಅದಕ್ಕೇ ಮುಯ್ಯಾಳು. ಇವತ್ತು ಅವರ ಮನೆಯವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ಕೂಲಿಯ ಮಾತೇ ಇಲ್ಲ. ಒಂದು ಸಲ ನಮ್ಮಪ್ಪ ಮುಯ್ಯಿ ತೀರಿಸೋ ಬದಲು ದುಡ್ಡು ಕೊಡೋಕೆ ಹೋದರು. ಆ ಮನೆಯ ಅಜ್ಜಿ, "ಯಾಕಪ್ಪ, ನಮ್ಮ ಗದ್ದೆಗೆ ಇಳಿಯಕ್ಕೆ ಮನಸ್ಸಿಲ್ವಾ?" ಅಂದರು. ಅಪ್ಪ ದುಡ್ಡು ಜೇಬಿಗೆ ಹಾಕಿಕೊಂಡು ಮಾರನೇ ದಿನ ಗದ್ದೆಗೆ ಇಳಿದರು.

ಲೆಕ್ಕ ಚುಕ್ತಾ ಆದರೆ ಹೋಗಿಬರೋದು ನಿಂತುಬಿಡುತ್ತದೆ. ಪಕ್ಕದ ಮನೆಯವರ ಡಬ್ಬಿಯನ್ನು ಖಾಲಿ ವಾಪಸ್ ಕೊಡದೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವಲ್ಲ, ಅದೂ ಇದಕ್ಕೇ. ಆಲೆಮನೆ ಹತ್ತಿರ ಹೋದವರಿಗೆ ಒಂದು ಲೋಟ ಕಬ್ಬಿನ ಹಾಲು, ಒಂದಿಷ್ಟು ಬಿಸಿ ಬೆಲ್ಲ ಕೊಡದೆ ಕಳಿಸಲ್ಲ. ಬೇಡ ಅಂದರೆ ಅವರಿಗೆ ನಿಜವಾಗಿಯೂ ಬೇಜಾರು.

ನಮ್ಮ ಯಜಮಾನರೂ ನಿಮ್ಮ ಹಾಗೇ. ಯಾರನ್ನೂ ಒಂದು ಲೋಟ ನೀರು ಕೇಳಿದವರಲ್ಲ. ಹೋದ ವರ್ಷ ಕಣ್ಣಿನ ಪೊರೆ ಆಪರೇಷನ್ ಆಯಿತು. ಡ್ರಾಪ್ಸ್ ತಾವೇ ಹಾಕಿಕೊಳ್ಳೋಕೆ ಹೋಗಿ ಕೆನ್ನೆಗೆಲ್ಲ ಸುರಿದುಕೊಂಡರು. ಆಮೇಲೆ ನನ್ನ ಮುಂದೆ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿದರು. ನಾನು ಕೆಳರೆಪ್ಪೆ ಎಳೆದು ಹಿಡಿದು ಒಂದು ಹನಿ ಬಿಡುವಾಗ ಅವರ ಕೈ ತಾನಾಗೇ ನನ್ನ ಸೆರಗು ಹಿಡಿಯೋದು. ಹನಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರಬೇಕು. ಆ ಹೊತ್ತಲ್ಲಿ ಮಾತು ಶುರುವಾಯಿತು. ಅವರ ತಾಯಿ ರಾಗಿ ಬೀಸುತ್ತಾ ಹಾಡುತ್ತಿದ್ದ ಪದ, ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ದಾರಿ, ಸತ್ತುಹೋದ ಗೆಳೆಯ. ಇಷ್ಟು ವರ್ಷ ಜೊತೆಗಿದ್ದೂ ನಾನು ಕೇಳಿರದ ಸಂಗತಿಗಳು. ಡ್ರಾಪ್ಸ್ ಸಾಕು ಅಂತ ಡಾಕ್ಟರು ಹೇಳಿದರು. ಮಾತು ಮಾತ್ರ ಇನ್ನೂ ನಡೆದಿದೆ.

ನಿಮ್ಮ ಗಂಡನಿಗೆ ನಿಮಗಾಗಿ ಏನಾದರೂ ಮಾಡೋ ಅವಕಾಶ ಎಲ್ಲಿದೆ, ಹೇಳಿ? ಈ ಭಾನುವಾರ ಕಾಫಿ ಅವರು ಮಾಡಲಿ. ಬಾಯಿಬಿಟ್ಟು ಕೇಳಿ, ಕೇಳೋದು ಸಣ್ಣತನ ಅಲ್ಲ. ಡಿಕಾಕ್ಷನ್ ನೀರಾಗಿದ್ದರೂ ಸುಮ್ನೆ ಕುಡಿಯಿರಿ.

ರಾತ್ರಿ ಮಲಗೋ ಮುಂಚೆ ಹಳೇ ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯಿರಿ. ನಾನು ಏನು ಮಾಡಿದೆ ಅಂತಲ್ಲ, ಯಾರಿಂದ ಏನು ಬಂತು ಅಂತ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುತ್ತಾರಲ್ಲ, ಹಾಗೆ. ಬಸ್ಸಲ್ಲಿ ಸೀಟು ಬಿಟ್ಟ ಹುಡುಗಿ, ದುಡ್ಡಿಗಿಂತ ಜಾಸ್ತಿ ಕೊತ್ತಂಬರಿ ಹಾಕಿದ ಸೊಪ್ಪಿನಮ್ಮ, ಎಲ್ಲ ಬರಲಿ. ವಾಟ್ಸಾಪ್ ಮಾತು ಊರಿಗೆಲ್ಲ ಕಳಿಸಿದ್ದು, ಅದಕ್ಕೇ ನಿಲ್ಲೋದಿಲ್ಲ. ಇದು ನಿಮಗೇ ಅಂತ ಬಂದದ್ದು. ಒಂದು ತಿಂಗಳು ಬಿಟ್ಟು ನನಗೆ ಮತ್ತೆ ಪತ್ರ ಹಾಕಿ.

ಪ್ರಶ್ನೆ: ಬರೋ ತಿಂಗಳು ನಮ್ಮ ಮದುವೆಗೆ 25 ವರ್ಷ. ಹೆಂಡತಿಗೆ ದೊಡ್ಡದಾಗಿ ಕೊಡೋ ಶಕ್ತಿ ಇಲ್ಲ. ಏನು ಮಾಡಲಿ?
– ಓದುಗ, ಮಳವಳ್ಳಿ

ಉತ್ತರ: ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಮೈಸೂರಿಗೆ ಹೋಗಿ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಒಂದು ಮೊಳ ಅಲ್ಲ, ಒಂದು ಮಾರು ತಗೊಳ್ಳಿ. ಅಲ್ಲೇ ಮುಡಿಸಿ, ನಾಚಬೇಡಿ. ಆಮೇಲೆ ಚಾಮುಂಡಿ ಬೆಟ್ಟ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ ಮೆಟ್ಟಿಲು ಸಾವಿರಕ್ಕೂ ಜಾಸ್ತಿ ಇವೆ. ಮಂಡಿ ನೋವಿದ್ದರೆ ಬಸ್ಸಲ್ಲೇ ಹೋಗಿ. ನಂದಿ ಹತ್ತಿರ ಕೂತು, ಈ 25 ವರ್ಷದಲ್ಲಿ ಅವರು ನಿಮಗಾಗಿ ಮಾಡಿದ್ದರಲ್ಲಿ ನೆನಪಿರೋದನ್ನು ಒಂದೊಂದಾಗಿ ಹೇಳಿ. ಬುತ್ತಿ ಮಾತ್ರ ಅವತ್ತು ನೀವೇ ಕಟ್ಟಬೇಕು.