ನಮ್ಮ ವ್ಯವಸಾಯ, ಅವರ ವ್ಯವಸಾಯ

"ಕೇರಳದಲ್ಲಿದ್ದೂ ನಿನ್ನ ಕನ್ನಡ ಎಷ್ಟು ಚೆನ್ನಾಗಿದೆ!" ಎಂದು ಈ ಸಲವೂ ಬರೆದಿದ್ದೀಯ. ಕೊಣಾಜೆಯ ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು ನೀನು. ಆಗ ಕಾಣದ ಆಶ್ಚರ್ಯ ಬೆಂಗಳೂರಿಗೆ ಹೋದ ಮೇಲೆ ಯಾಕೆ ಹುಟ್ಟಿತೋ ತಿಳಿಯದು. ಗೋವಿಂದ ಪೈಗಳ ಮಂಜೇಶ್ವರ, ಪಾರ್ತಿಸುಬ್ಬನ ಕುಂಬಳೆ, ಕಯ್ಯಾರರ ಬದಿಯಡ್ಕ, ಇವೆಲ್ಲ ನನ್ನ ಬಸ್ಸಿನ ದಾರಿಯಲ್ಲಿ ಬರುವ ಊರುಗಳು ಮಾರಾಯ್ತಿ. ಕನ್ನಡ ಇಲ್ಲಿಗೆ ವರ್ಗವಾಗಿ ಬಂದದ್ದಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ ನಮ್ಮ ರಾಜ್ಯ ಬದಲಾಯಿತು, ಮನೆ ಬದಲಾಗಲಿಲ್ಲ. ಗಡಿ ವಿವಾದ ಬಗೆಹರಿಸಲು ಕೂತ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರವನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕು ಎಂದು ಹೇಳಿತ್ತು, ಆ ಮಾತು ಅಲ್ಲಿಗೇ ಉಳಿಯಿತು. ಆ ಕಥೆಯನ್ನು ಇಲ್ಲಿ ಎಲ್ಲರೂ ಇಷ್ಟು ಸಲ ಹೇಳಿದ್ದಾರೆಂದರೆ ನನಗೇ ಬೇಸರ ಬಂದಿದೆ.

ನಿನ್ನ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಈಗ ಎಲ್ಲ ಕಡೆ ಸಾಮರ್ಥ್ಯಾಧಾರಿತ ಕಲಿಕೆಯ ಮಾತು, ಅಂದರೆ ಮಗು ಎಷ್ಟು ನೆನಪಿಟ್ಟಿದೆ ಎಂದಲ್ಲ, ಕಲಿತದ್ದನ್ನು ಹೇಗೆ ಬಳಸುತ್ತದೆ ಎಂದು ನೋಡುವುದು, ಕೇರಳ ಅದನ್ನು ಯಾವತ್ತೋ ಮಾಡಿ ಮುಗಿಸಿದೆ, ಬಾಯಿಪಾಠವಿಲ್ಲ, ಎಲ್ಲರಿಗೂ ಎ ಪ್ಲಸ್, ಇನ್ನು ನಿಮಗೆ ಗೊಣಗುವುದಕ್ಕೆ ಏನಿದೆ ಎಂದು ಕೇಳಿದ್ದೀಯ. ಕಷ್ಟವಾದರೆ ಮಕ್ಕಳನ್ನು ಮಂಗಳೂರಿಗೆ ಕಳಿಸಬಹುದಲ್ಲ ಎಂಬ ಸಲಹೆಯೂ ಇದೆ. ಗಡಿಯ ತಲಪಾಡಿ ದಾಟಿದರೆ ಮಂಗಳೂರು, ನಿಜ. ಕಳಿಸುವವರು ಕಳಿಸುತ್ತಾರೆ. ನನ್ನ ತರಗತಿಯಲ್ಲಿ ಕೂರುವವರು ಆ ಫೀಸು ಕೊಡಲಾಗದವರ ಮಕ್ಕಳು.

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಉಂಡ ಮನೆಗೆ ಎರಡು ಬಗೆದಂತಾಗುತ್ತದೆ. ಇಲ್ಲಿ 2005ರಲ್ಲೇ ಎಸ್ಸೆಸ್ಸೆಲ್ಸಿಗೆ ಗ್ರೇಡ್ ಬಂತು. 2007ರ ಪಠ್ಯಕ್ರಮ ಚೌಕಟ್ಟು ಮಗುವಿನ ಅನುಭವದಿಂದಲೇ ಪಾಠ ಶುರುವಾಗಬೇಕು ಎಂದಿತು. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರದ ಕೈಟ್ ಸಂಸ್ಥೆ ಎಂಟರಿಂದ ಹನ್ನೆರಡನೆಯವರೆಗಿನ 45,000 ತರಗತಿಗಳಿಗೆ ಪ್ರೊಜೆಕ್ಟರು, ಲ್ಯಾಪ್‌ಟಾಪು ಕೊಟ್ಟಿತು, ಅದರಲ್ಲಿ ನನ್ನ ತರಗತಿಯೂ ಒಂದು. 2023ರಲ್ಲಿ ಮತ್ತೊಂದು ಚೌಕಟ್ಟು ಬಂತು. 2024ರಲ್ಲಿ 1, 3, 5, 7, 9ನೇ ತರಗತಿಗಳಿಗೆ ಹೊಸ ಪುಸ್ತಕ, ಮರುವರ್ಷ ಉಳಿದವಕ್ಕೆ ಹತ್ತನೆಯವರೆಗೆ. ನೀವು ಪಿಯುಸಿ ಎನ್ನುವುದು ನಮಗೆ ಪ್ಲಸ್ ಟು. ನಾನು ಅದಕ್ಕೆ ಅರ್ಥಶಾಸ್ತ್ರ ಪಾಠ ಮಾಡುವವಳು. ವಿಷಯಕ್ಕೆ ನೂರು ಅಂಕದಲ್ಲಿ 80 ಪರೀಕ್ಷೆಗೆ, 20 ನಿರಂತರ ಮೌಲ್ಯಮಾಪನಕ್ಕೆ, ಅಂದರೆ ಅಸೈನ್‌ಮೆಂಟು, ಸೆಮಿನಾರು, ಪ್ರಾಜೆಕ್ಟು, ಕ್ಲಾಸ್ ಟೆಸ್ಟು. ಈ ಇಪ್ಪತ್ತರಲ್ಲಿ ಹದಿನೆಂಟಕ್ಕಿಂತ ಕಡಿಮೆ ಕೊಡುವುದಕ್ಕೆ ಬಹಳ ಗಟ್ಟಿ ಗುಂಡಿಗೆ ಬೇಕು, ನನಗೆ ಅದಿಲ್ಲ. 2024-25ರಿಂದ ಎಂಟನೆಯ ತರಗತಿಗೆ ಬರವಣಿಗೆಯ ಪರೀಕ್ಷೆಯಲ್ಲೇ ಕನಿಷ್ಠ ಶೇ. 30 ಬೇಕು ಎಂಬ ನಿಯಮ ತಂದದ್ದಕ್ಕೆ ನನ್ನಂಥವರ ಈ ಧಾರಾಳವೂ ಒಂದು ಕಾರಣವಿರಬೇಕು. ಪ್ಲಸ್ ಟುವಿಗೆ ಆ ನಿಯಮ ಮೊದಲಿನಿಂದಲೂ ಇದೆ, 80ಕ್ಕೆ 24. ನಿಮ್ಮಲ್ಲೂ ಈಗ ದ್ವಿತೀಯ ಪಿಯುಸಿಗೆ ಇಪ್ಪತ್ತು ಆಂತರಿಕ ಅಂಕ ಬಂದಿದೆಯಲ್ಲ, ಇನ್ನು ಎರಡು ವರ್ಷ ಬಿಟ್ಟು ನಿಮ್ಮ ಅಧ್ಯಾಪಕರ ಗುಂಡಿಗೆಯ ಬಗ್ಗೆ ಬರೆ.

ಇದೆಲ್ಲ ಎಲ್ಲರ ಕಷ್ಟ. ನಮ್ಮದೇ ಎಂದು ಹೇಳಿಕೊಳ್ಳುವ ಕಗ್ಗಂಟು ಬೇರೆ ಇದೆ.

ಸಾಮರ್ಥ್ಯ ಎನ್ನುವುದಕ್ಕೆ ಮಲಯಾಳದಲ್ಲಿ ಶೇಷಿ ಎನ್ನುತ್ತಾರೆ. ವರ್ಷಗಳ ಹಿಂದೆ ನಾನು ಹೋದ ಮೊದಲ ತರಬೇತಿಯಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಶೇಷಿ, ಶೇಷಿ ಎಂದೇ ಕೇಳಿಸುತ್ತಿತ್ತು. ಪಕ್ಕದಲ್ಲಿದ್ದ ಕನ್ನಡದ ಮಾಷ್ಟ್ರು ನೋಟ್ ಪುಸ್ತಕದಲ್ಲಿ ಶ್ರದ್ಧೆಯಿಂದ "ಮಕ್ಕಳಲ್ಲಿ ಶೇಷ ಬೆಳೆಸಬೇಕು" ಎಂದು ಬರೆದುಕೊಂಡರು. ಮಧ್ಯಾಹ್ನ ಊಟಕ್ಕೆ ಕೂತಾಗ ಅದನ್ನು ತೋರಿಸಿ, "ಬೆಳೆಸುವುದೇನು ಬಂತು ಟೀಚರ್, 1956ರ ಭಾಗಾಕಾರದಲ್ಲಿ ಉಳಿದ ಶೇಷ ನಾವೇ ಅಲ್ಲವೇ" ಎಂದರು. ಅವರು ನಿವೃತ್ತರಾಗಿ ಈಗ ಅಡಿಕೆ ತೋಟ ನೋಡಿಕೊಂಡಿದ್ದಾರೆ.

ಮಲಯಾಳ ನಮಗೆ ಬಾರದ ಭಾಷೆ ಎಂದುಕೊಳ್ಳಬೇಡ. ಇಲ್ಲಿ ಮಗು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಯಾವುದನ್ನಾದರೂ ಮಾತಾಡಿ, ಅಂಗಡಿಯಲ್ಲಿ ಮಲಯಾಳ ಆಡಿ, ಶಾಲೆಯಲ್ಲಿ ಕನ್ನಡ ಓದುತ್ತದೆ. ತೊಂದರೆ ಇರುವುದು ಬಾರದ ಪದಗಳಲ್ಲಿ ಅಲ್ಲ, ಎರಡೂ ಭಾಷೆಯಲ್ಲಿ ಒಂದೇ ಮುಖ ಹೊತ್ತು ತಿರುಗುವ ಸಂಸ್ಕೃತ ಪದಗಳಲ್ಲಿ. ನಮ್ಮ ಉಪನ್ಯಾಸವನ್ನು ಕೇಳುತ್ತೇವೆ, ಮಲಯಾಳದವರು ಉಪನ್ಯಾಸವನ್ನು ಬರೆಯುತ್ತಾರೆ, ಅದು ಪ್ರಬಂಧ. ನಮ್ಮ ಅವಧಿಯಲ್ಲಿ ಪಾಠ ನಡೆಯುತ್ತದೆ, ಅವರ ಅವಧಿಯೆಂದರೆ ಶಾಲೆಗೆ ರಜೆ. ಅವರ ಪ್ರಸಂಗ ಭಾಷಣ. ನಮ್ಮ ಪ್ರಸಂಗವೆಂದರೆ ಯಕ್ಷಗಾನದ್ದು, ಅದಕ್ಕೆ ಚೆಂಡೆ ಬೇಕು. ಹೊಸದಾಗಿ ತೆಂಕಣ ಜಿಲ್ಲೆಯಿಂದ ಬಂದ ಸಹೋದ್ಯೋಗಿಯೊಬ್ಬರು, ಬಹಳ ಒಳ್ಳೆಯ ಮನುಷ್ಯ, ಪರಿಸರ ದಿನಕ್ಕೆ "ಪ್ರಸಂಗ ತಯಾರಿಸಿ" ಎಂದು ಬೋರ್ಡಿನಲ್ಲಿ ಬರೆದಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ವೃಕ್ಷಾಸುರ ಎಂಬ ಪಾತ್ರವನ್ನು ಹುಟ್ಟಿಸಿ, ಎರಡು ಭಾಮಿನಿ ಷಟ್ಪದಿ ಬರೆದು, ದೇವೇಂದ್ರನ ಒಡ್ಡೋಲಗದವರೆಗೆ ತಂದು ನಿಲ್ಲಿಸಿದ್ದ. ಅವರು ನನ್ನ ಬಳಿ ತಂದು ತೋರಿಸಿ ಇದೇನು ಟೀಚರೇ ಎಂದರು. ಅರ್ಥ ಹೇಳಿದಾಗ ಪಾಪ, ಹತ್ತಕ್ಕೆ ಹತ್ತು ಕೊಟ್ಟರು.

ಆ ಕಥೆ ಹೇಳಿ ನಗಿಸುವುದು ಸುಲಭ. ಹೋದ ವರ್ಷ ನಡೆದದ್ದನ್ನು ಹೇಳಲು ನನಗೆ ಅಷ್ಟು ಸುಲಭವಿಲ್ಲ.

ಪ್ಲಸ್ ವನ್ನಿಗೆ, ಅಂದರೆ ನಿಮ್ಮ ಪ್ರಥಮ ಪಿಯುಸಿಗೆ, ನಮ್ಮ ಅರ್ಥಶಾಸ್ತ್ರದ ಪುಸ್ತಕ ಎನ್‌ಸಿಇಆರ್‌ಟಿಯದು. ಅದರಲ್ಲಿ 1950ರಿಂದ 1990ರವರೆಗಿನ ಆರ್ಥಿಕತೆಯ ಪಾಠವಿದೆ, ಅದರೊಳಗೆ 1956ರ ಕೈಗಾರಿಕಾ ನೀತಿ ನಿರ್ಣಯ. ಉದ್ಯಮಗಳನ್ನು ಮೂರು ವರ್ಗ ಮಾಡಿದ್ದು, ಲೈಸೆನ್ಸು, ಹಿಂದುಳಿದ ಪ್ರದೇಶದಲ್ಲಿ ಕಾರ್ಖಾನೆ ಹಾಕುವವರಿಗೆ ತೆರಿಗೆ ರಿಯಾಯಿತಿ, ಕಡಿಮೆ ದರದ ವಿದ್ಯುತ್ತು. ಇಂಗ್ಲಿಷಿನ ಪಾಠ, ಮಲಯಾಳದಲ್ಲಿ ಬಂದ ಮಾದರಿ ಪ್ರಶ್ನೆ, ಕನ್ನಡದ ಮಕ್ಕಳು. ಕ್ಲಾಸ್ ಟೆಸ್ಟಿನಲ್ಲಿ ಅವರ ಕೈಗೆ ಸಿಕ್ಕ ಪ್ರಶ್ನೆ ಇದು: "1956ರ ವ್ಯವಸಾಯ ನೀತಿಯು ಪ್ರಾದೇಶಿಕ ಅಸಮಾನತೆಯನ್ನು ಕಡಿಮೆ ಮಾಡಲು ಹೇಗೆ ಸಹಾಯಕವಾಯಿತು? ನಿಮ್ಮ ಪ್ರದೇಶದ ಉದಾಹರಣೆಯೊಂದಿಗೆ ವಿಶ್ಲೇಷಿಸಿರಿ." ಐದು ಅಂಕ.

ಮಲಯಾಳದಲ್ಲಿ ವ್ಯವಸಾಯ ಎಂದರೆ ಕೈಗಾರಿಕೆ. ನಮ್ಮಲ್ಲಿ ಏನೆಂದು ನಿನಗೆ ಹೇಳಬೇಕಾಗಿಲ್ಲ.

ಅರ್ಧ ತರಗತಿ ಪುಸ್ತಕದ ನೆನಪಿನ ಮೇಲೆ ಸರಿಯಾಗಿ ಊಹಿಸಿತು. ಒಬ್ಬಳು ಊಹಿಸಲಿಲ್ಲ, ಪ್ರಶ್ನೆಯನ್ನೇ ನಂಬಿದಳು. ಪುಸ್ತಕದಲ್ಲಿ ವ್ಯವಸಾಯ ನೀತಿ ಎಂಬುದು ಇಲ್ಲ ಎಂದು ಅವಳಿಗೆ ಗೊತ್ತಿತ್ತು, ಹಾಗಾಗಿ ಇದು ಸ್ವಂತವಾಗಿ ಯೋಚಿಸಿ ಬರೆಯಬೇಕಾದ ಪ್ರಶ್ನೆ ಎಂದುಕೊಂಡಳು. ಎರಡೂವರೆ ಪುಟ ಬರೆದಿದ್ದಳು. ಅಜ್ಜನ ಕಾಲದಲ್ಲಿ ಅವರ ಗುಡ್ಡದಲ್ಲಿ ಎರಡೇ ಮನೆಗೆ ಸುರಂಗವಿತ್ತಂತೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ಇಳಿಸುವ ನಮ್ಮ ಸುರಂಗವನ್ನು ನೀನು ನೋಡಿದ್ದೀಯ, ನಮ್ಮ ಮನೆಗೆ ಬಂದಾಗ ಒಳಗೆ ಹೋಗಲು ಹೆದರಿ ಬಾಯಿಯಲ್ಲೇ ನಿಂತಿದ್ದೆ. ಸುರಂಗವಿದ್ದವರಿಗೆ ಬೇಸಿಗೆಯಲ್ಲೂ ಅಡಿಕೆ ಉಳಿಯಿತು, ಇಲ್ಲದವರು ಗೇರು ನೆಟ್ಟರು. ಕರೆಂಟು ಬಂದು ಪಂಪು ಬಂದ ಮೇಲೆ ಆ ಅಂತರ ಕಡಿಮೆಯಾಯಿತು. ಆದರೆ ಕೊಳವೆಬಾವಿ ಬಂದ ಮೇಲೆ ಮತ್ತೆ ಹೆಚ್ಚಿತು, ಯಾಕೆಂದರೆ ಆಳಕ್ಕೆ ಕೊರೆಯುವ ದುಡ್ಡು ಇದ್ದವನ ತೋಟ ಮಾತ್ರ ಹಸಿರು, ಅಜ್ಜನ ಸುರಂಗವೂ ಬತ್ತುತ್ತ ಬಂತು. ಸರಕಾರ ಹಿಂದುಳಿದ ಊರಿಗೆ ಕಡಿಮೆ ದರದಲ್ಲಿ ವಿದ್ಯುತ್ತು ಕೊಟ್ಟರೆ ಸಾಲದು, ನೀರಿನ ಲೆಕ್ಕವನ್ನೂ ಇಡಬೇಕು ಎಂದು ಕೊನೆಯ ಸಾಲು. ಅಂಚಿನಲ್ಲಿ ಸುರಂಗದ ಚಿತ್ರ, ಅದರೊಳಗೆ ಬಗ್ಗಿ ನಿಂತ ಕಡ್ಡಿಯಂಥ ಅಜ್ಜ, ಕೈಯಲ್ಲಿ ಚಿಮಿಣಿ ದೀಪ.

ಉತ್ತರ ಸೂಚಿ ನನ್ನ ಮೇಜಿನ ಮೇಲಿತ್ತು. ಮೂರು ವರ್ಗಗಳಿಗೆ ಒಂದು ಅಂಕ, ಲೈಸೆನ್ಸಿಗೆ ಒಂದು, ರಿಯಾಯಿತಿಗಳಿಗೆ ಎರಡು, ಸ್ಥಳೀಯ ಉದಾಹರಣೆಗೆ ಒಂದು. ಅದರಂತೆ ಲೆಕ್ಕ ಹಾಕಿದರೆ ಸೊನ್ನೆ. ಬಹಳ ಎಳೆದರೆ ಒಂದು.

ಅವಳನ್ನು ಕರೆದು, ವ್ಯವಸಾಯ ಎಂದಿರುವಲ್ಲಿ ಕೈಗಾರಿಕೆ ಎಂದು ಓದಿಕೋ, ಇನ್ನೊಂದು ಸಲ ಬರೆ ಎಂದೆ. ಸ್ಟಾಫ್ ರೂಮಿನ ಬಾಗಿಲ ಬಳಿ ನಿಂತೇ ಹತ್ತು ನಿಮಿಷದಲ್ಲಿ ಬರೆದು ಕೊಟ್ಟಳು. ಮೂರು ವರ್ಗ, ಲೈಸೆನ್ಸು, ತೆರಿಗೆ, ವಿದ್ಯುತ್ತು, ಕೊನೆಗೆ "ಉದಾಹರಣೆಗೆ ನಮ್ಮ ಜಿಲ್ಲೆಯೂ ಹಿಂದುಳಿದಿದೆ". ಎಲ್ಲ ಸರಿ. ಐದಕ್ಕೆ ಐದು. ಅಜ್ಜ ಇರಲಿಲ್ಲ, ಸುರಂಗ ಇರಲಿಲ್ಲ, ಅವಳೂ ಇರಲಿಲ್ಲ. ಬಾಯಿಪಾಠ ಹೋಗಿದೆ ಎಂದೆಯಲ್ಲ, ಈಗ ಹೇಳು.

"ಟೀಚರ್, ಮೊದಲೇ ಕೈಗಾರಿಕೆ ಎಂದು ಹಾಕಬಹುದಿತ್ತಲ್ಲ" ಎಂದು ಕೇಳಿದಳು. ಕೋಪವಿರಲಿಲ್ಲ, ಬರಿಯ ಪ್ರಶ್ನೆ.

ಹಾಕಬಹುದಿತ್ತು. ಯಾಕೆಂದರೆ ಆ ಪ್ರಶ್ನೆಯನ್ನು ಹಿಂದಿನ ರಾತ್ರಿ ಮಲಯಾಳದಿಂದ ಕನ್ನಡಕ್ಕೆ ತಂದವಳು ನಾನೇ. ಗೋವಿಂದ ಪೈಗಳ ಊರಿನ ದಾರಿಯಲ್ಲಿ ಬಸ್ಸು ಹತ್ತುವವಳು, ಕನ್ನಡದಲ್ಲಿ ಕನಸು ಕಾಣುವವಳು. ಯಾವುದೋ ಕಚೇರಿಯಲ್ಲಿ ಕನ್ನಡ ಬಾರದವನು ಮಾಡಿದ ಎಡವಟ್ಟಾಗಿದ್ದರೆ ನಾನು ಅದನ್ನು ಊರೆಲ್ಲ ಸಾರುತ್ತಿದ್ದೆ. ಇಷ್ಟು ವರ್ಷದ ತರಬೇತಿ, ಸುತ್ತೋಲೆ, ವಾಟ್ಸಾಪ್ ಸಂದೇಶ ಎಲ್ಲ ಮಲಯಾಳದಲ್ಲೇ ಓದಿ ಓದಿ ವ್ಯವಸಾಯ ಎಂಬ ಪದ ನನ್ನ ಕಣ್ಣಿಗೆ ಕಾರ್ಖಾನೆಯ ಚಿಮಣಿಯಾಗಿಯೇ ಕಂಡಿತ್ತು, ತಡೆದು ನಿಲ್ಲಿಸಲಿಲ್ಲ. ನಿನ್ನ ಹೊಗಳಿಕೆ ಬಂದದ್ದು ಅದಾದ ಮೂರೇ ದಿನಕ್ಕೆ. ಹಾಗಾಗಿಯೇ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ.

ಹುಡುಗಿಯ ವಿಷಯ ಹೇಳುತ್ತೇನೆ. ಮೊದಲ ಉತ್ತರಕ್ಕೇ ಐದು ಹಾಕಿದೆ, ಎರಡನೆಯದನ್ನು ಫೈಲಿನಲ್ಲಿ ಸೇರಿಸಿದೆ. ತಪಾಸಣೆಗೆ ಬಂದರೆ ಎರಡನೆಯದನ್ನು ತೋರಿಸುತ್ತೇನೆ. ಸುಳ್ಳೆಂದರೆ ಸುಳ್ಳು. ಅವಳಿಗೆ ಪ್ಲಸ್ ಟು ಮುಗಿದ ಮೇಲೆ ಕರ್ನಾಟಕದಲ್ಲಿ ಓದುವ ಆಸೆ. ಗಡಿನಾಡ ಕನ್ನಡಿಗರ ಕೋಟಾ ಇದೆ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರಿಗೆ ಸಿಗುತ್ತದೆ. ಆದರೆ ಅಲ್ಲಿ ಕನ್ನಡ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕು. ಇಲ್ಲಿ ಕನ್ನಡವೇ ಬೇಕೆಂದು ಹಟ ಹಿಡಿದವಳು ಅಂತ ಹೆಸರು, ಅಲ್ಲಿ ಕನ್ನಡ ಬರುತ್ತದೆಯೇ ಎಂಬ ಅನುಮಾನ. ಅಲ್ಲಿಯ ಪ್ರಶ್ನೆಪತ್ರಿಕೆಯಲ್ಲಿ ವ್ಯವಸಾಯ ಎಂದರೆ ವ್ಯವಸಾಯವೇ ತಾನೇ ಟೀಚರ್ ಎಂದು ಕೇಳುತ್ತಿದ್ದಳು. ಹೌದು ಎಂದಿದ್ದೇನೆ.

ಇದನ್ನು ಬರೆಯುತ್ತಿರುವಾಗಲೇ ಫೋನಿಗೆ ಇನ್ನೊಂದು ಪಿಡಿಎಫ್ ಬಂತು, ಮುಂದಿನ ವಾರದ ಟೆಸ್ಟಿಗೆ. ನಾಳೆ ಒಂಬತ್ತರೊಳಗೆ ಕನ್ನಡದಲ್ಲಿ ಬೇಕಂತೆ. ಮೊದಲನೆಯ ಸಾಲಿನಲ್ಲೇ "ಪಂಚವತ್ಸರ ಪದ್ಧತಿ" ಕೂತಿದೆ. ಅವರ ಪದ್ಧತಿ ಎಂದರೆ ಯೋಜನೆ, ಇದನ್ನು ದಾಟಿದ್ದೇನೆ. ಮುಗಿಸಿ ನಿನಗೊಂದು ಪ್ರತಿ ಕಳಿಸುತ್ತೇನೆ, ಬೆಳಗ್ಗೆ ಕಾಫಿ ಕುಡಿಯುತ್ತ ಒಮ್ಮೆ ಓದಿ ನೋಡು. ಎಲ್ಲಾದರೂ ಕನ್ನಡ ವಿಚಿತ್ರವಾಗಿ ಕಂಡರೆ ಮೆಸೇಜು ಬೇಡ, ಕರೆಯನ್ನೇ ಮಾಡು. ಎಂಟೂವರೆಯವರೆಗೆ ಮನೆಯಲ್ಲಿರುತ್ತೇನೆ, ಆಮೇಲೆ ಬಸ್ಸಿನಲ್ಲಿ ಸಿಗ್ನಲ್ ಇರುವುದಿಲ್ಲ.