ಪ್ರತಿಕ್ರಿಯೆ: ಬೆಲೆ ಏರಿದರೆ ಸಿಗರೇಟು ಬಳಕೆಯೂ ಏರುತ್ತದೆ ಅಂತ ಉತ್ತರ ಬರುತ್ತಿದೆ, ಯಾಕೆ?

ಬೆಲೆ ಏರಿದರೆ ಸಿಗರೇಟು ಬಳಕೆ ಎಷ್ಟು ಬದಲಾಗುತ್ತದೆ ಅಂತ ಮನೆಗಳ ಖರ್ಚಿನ ಸಮೀಕ್ಷೆಯಿಂದ ಲೆಕ್ಕ ಹಾಕಿದ್ದೀರಿ, ಉತ್ತರ ಪ್ಲಸ್ ಬಂದಿದೆ. ಮನೆಯ ಸಿಗರೇಟು ಖರ್ಚನ್ನು ಸಿಗರೇಟಿನ ಸಂಖ್ಯೆಯಿಂದ ಭಾಗಿಸಿ (ಇದೇ ಯೂನಿಟ್ ಮೌಲ್ಯ), ಅದನ್ನೇ ಬೆಲೆ ಅಂತ ಹಾಕಿದ್ದೀರಿ. ತೊಂದರೆ ಬಹುಶಃ ಅಲ್ಲೇ ಇದೆ. ಅದು ಅಂಗಡಿಯ ಬೆಲೆ ಅಲ್ಲ, ಗುಣಮಟ್ಟವೂ ಅದರಲ್ಲಿ ಸೇರಿಕೊಂಡಿದೆ. ದುಡ್ಡಿದ್ದವರು ಕಿಂಗ್ ಸೈಜ್ ಕೊಳ್ಳುತ್ತಾರೆ, ಸೇದುವುದೂ ಜಾಸ್ತಿ ಇರಬಹುದು. ಪ್ಲಸ್ ಉತ್ತರ ಬರದೆ ಇನ್ನೇನು?

ಮೊದಲು ಡೇಟಾ ನೋಡಿ. ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ (ಎನ್‌ಎಸ್‌ಎಸ್) 68ನೇ ಸುತ್ತಿನಲ್ಲಿ (2011-12) ಎರಡು ಬಗೆಯ ಪ್ರಶ್ನಾವಳಿ ಇದೆ. ತಂಬಾಕಿನ ಖರ್ಚನ್ನು ಒಂದರಲ್ಲಿ 30 ದಿನಕ್ಕೆ, ಇನ್ನೊಂದರಲ್ಲಿ 7 ದಿನಕ್ಕೆ ಕೇಳಿದ್ದಾರೆ. ಎರಡನ್ನೂ ಸುಮ್ನೆ ಬೆರೆಸಬೇಡಿ. ಬೀಡಿ, ಸಿಗರೇಟು ಎಣಿಕೆಯಲ್ಲಿವೆ, ಎಲೆ ತಂಬಾಕು ಗ್ರಾಂನಲ್ಲಿದೆ.

ಆಮೇಲೆ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ವಿಧಾನ ಹಿಡಿಯಿರಿ. ಒಂದೇ ಹಳ್ಳಿ ಅಥವಾ ನಗರದ ಬ್ಲಾಕಿನ (ಇದೇ ಒಂದು ಕ್ಲಸ್ಟರ್) ಮನೆಗಳಿಗೆ ಬೆಲೆ ಒಂದೇ ಎಂಬುದು ಅದರ ಬುನಾದಿ. ಪ್ರತಿ ಕ್ಲಸ್ಟರ್‌ಗೆ ಒಂದು ಡಮ್ಮಿ (0/1 ಗುರುತು) ಹಾಕಿ, ಯೂನಿಟ್ ಮೌಲ್ಯವನ್ನೂ ಒಟ್ಟು ಖರ್ಚಿನಲ್ಲಿ ಸಿಗರೇಟಿನ ಪಾಲನ್ನೂ ಮನೆಯ ಒಟ್ಟು ವೆಚ್ಚ, ಕುಟುಂಬದ ಗಾತ್ರ ಇತ್ಯಾದಿಗಳ ಮೇಲೆ ರಿಗ್ರೆಸ್ ಮಾಡಿ. ಪಾಲಿನ ಸಮೀಕರಣದಲ್ಲಿ ಸಿಗರೇಟು ಕೊಳ್ಳದ ಮನೆಗಳೂ ಇರಲಿ. ಹೆಚ್ಚಿನವರು ಎಡವುವುದು ಇಲ್ಲೇ. ಉಳಿಕೆಗಳಿಂದ (ರಿಗ್ರೆಶನ್ ವಿವರಿಸದೆ ಬಿಟ್ಟ ಭಾಗ) ಅಳತೆಯ ದೋಷ ಲೆಕ್ಕ ಹಾಕಿ. ಕ್ಲಸ್ಟರ್ ಸರಾಸರಿಗಳ ಸಹವ್ಯತ್ಯಯದಿಂದ (ಕೋವೇರಿಯನ್ಸ್, ಎರಡು ಅಳತೆಗಳು ಒಟ್ಟಿಗೆ ಏರಿಳಿಯುವ ಪ್ರಮಾಣ) ಅದನ್ನು ಕಳೆಯಿರಿ, ಕೊನೆಗೆ ಗುಣಮಟ್ಟದ ತಿದ್ದುಪಡಿ ಮಾಡಿ. ಸ್ಟ್ಯಾಂಡರ್ಡ್ ಎರರ್‌ಗೆ ಬೂಟ್‌ಸ್ಟ್ರಾಪ್ (ಅದೇ ಡೇಟಾದಿಂದ ಮತ್ತೆ ಮತ್ತೆ ಮಾದರಿ ತೆಗೆದು ಲೆಕ್ಕ ಹಾಕುವುದು) ಸಾಕು.

ಅರ್ಥಶಾಸ್ತ್ರಜ್ಞ ರಿಜೊ ಜಾನ್ 2008ರಲ್ಲಿ ಇದೇ ದಾರಿಯಲ್ಲಿ ಭಾರತಕ್ಕೆ ಲೆಕ್ಕ ಹಾಕಿದಾಗ ಬೀಡಿ ಬೆಲೆಗೆ ಜಾಸ್ತಿ ಬಗ್ಗಿತ್ತು, ಸಿಗರೇಟು ಕಡಿಮೆ. ನಿಮ್ಮ ಸ್ಥಿತಿಸ್ಥಾಪಕತ್ವ (ಬೆಲೆ ಶೇ 1 ಏರಿದರೆ ಬಳಕೆ ಶೇಕಡಾ ಎಷ್ಟು ಬದಲಾಗುತ್ತದೆ ಎಂಬ ಸಂಖ್ಯೆ) ಸೊನ್ನೆಗೂ -1ಕ್ಕೂ ನಡುವೆ ಬಂದರೆ ಮುಂದುವರಿಯಿರಿ. ಆಗಲೂ ಪ್ಲಸ್ಸೇ ಬಂದರೆ, ಸಿಗರೇಟು ಕೊಳ್ಳುವ ಮನೆ ಒಂದೇ ಇರುವ ಕ್ಲಸ್ಟರ್‌ಗಳು ಎಷ್ಟಿವೆ ಅಂತ ಎಣಿಸಿ; ಹೋಲಿಸಲು ಇನ್ನೊಂದು ಮನೆ ಇಲ್ಲದ ಕಡೆ ಯೂನಿಟ್ ಮೌಲ್ಯದ ಅಳತೆಯ ದೋಷ ತಿಳಿಯುವುದಿಲ್ಲ.