ಅಜ್ಜನ ಟ್ರಂಕಿನ ಗಂಡಭೇರುಂಡ

ಪ್ರಶ್ನೆ: ನಮ್ಮಜ್ಜ ಮಹಾರಾಜರ ಕಾಲದಲ್ಲಿ ಕುದುರೆ ಪಡೆಯಲ್ಲಿದ್ದವರು. ಮನೆಗೆ ಸುಣ್ಣ ಹೊಡೆಸುವಾಗ ಅವರ ಟ್ರಂಕಿನ ತಳದಲ್ಲಿ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತು. ಎರಡು ತಲೆಯ ಹಕ್ಕಿ ಇದೆ. ಕೆಳಗಿನ ಅಕ್ಷರಗಳು ಸವೆದು ‘ಲ್ಯಾನ್ಸರ್ಸ್’ ಅಂತ ಮಾತ್ರ ಓದಲಿಕ್ಕೆ ಬರುತ್ತದೆ. ಪಕ್ಕದ ಮನೆಯವರು ರಷ್ಯಾದ ಹದ್ದು ಅನ್ನುತ್ತಾರೆ. ನಿಜವೇ? ಹುಣಸೆಹಣ್ಣು ಹಾಕಿ ತಿಕ್ಕಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ತಿಕ್ಕಬೇಡಿ. ನಾನು ಚಿತ್ರದುರ್ಗದಲ್ಲಿ ಮೇಷ್ಟ್ರಾಗಿದ್ದಾಗ ಹುಡುಗನೊಬ್ಬ ಮುತ್ತಜ್ಜನ ಯುದ್ಧದ ಪದಕ ತಂದು ತೋರಿಸಿದ್ದ. ಅಂಥ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರು ಕೊರೆದಿರುತ್ತದೆ. ಹಬ್ಬ ಹಬ್ಬಕ್ಕೂ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ಆ ಹೆಸರೇ ಹೋಗಿತ್ತು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಸಾಕು.

ಹಕ್ಕಿ ರಷ್ಯಾದ್ದಲ್ಲ, ನಮ್ಮದೇ ಗಂಡಭೇರುಂಡ. ರಷ್ಯಾ, ಆಸ್ಟ್ರಿಯಾ ದೊರೆಗಳ ಲಾಂಛನದಲ್ಲೂ ಎರಡು ತಲೆಯ ಹದ್ದಿತ್ತು, ಅದಕ್ಕೇ ನಿಮ್ಮ ನೆರೆಯವರಿಗೆ ಹಾಗನಿಸಿರಬೇಕು. ಆದರೆ ಹೊನ್ನಾಳಿ, ಶಿಕಾರಿಪುರ ದಾಟಿ ಬಳ್ಳಿಗಾವೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ 1047ರ ಗಂಡಭೇರುಂಡ ಸ್ತಂಭ ಇದೆ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ! ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಇದೇ ಹಕ್ಕಿ ಆನೆಗಳನ್ನೇ ಎತ್ತಿಕೊಂಡು ನಿಂತಿದೆ. ಮುಂದೆ ಮೈಸೂರು ಒಡೆಯರ ಲಾಂಛನವಾಯಿತು, ಅಲ್ಲಿಂದ ಅವರ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಬಿಲ್ಲೆಗೆ ಬಂತು. ಬಳ್ಳಿಗಾವೆಯಷ್ಟು ದೂರ ಆಗದಿದ್ದರೆ ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಸಾರಿಗೆ ಸಂಸ್ಥೆಯ ಬಸ್ಸಿನ ಗುರುತು ನೋಡಿ. ಅದೇ ಹಕ್ಕಿ.

ಈ ಪಡೆ ಏನು ಮಾಡಿತು ಎನ್ನುವುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಮೊದಲ ಮಹಾಯುದ್ಧ, 1918ರ ಸೆಪ್ಟೆಂಬರ್ 23, ಇಂದಿನ ಇಸ್ರೇಲಿನ ಹೈಫಾ. ಎದುರಿಗೆ ತುರ್ಕರ ಮೆಷಿನ್‌ಗನ್, ಫಿರಂಗಿ. ಇವರ ಕೈಯಲ್ಲಿ ಈಟಿ, ಕತ್ತಿ. ಜೋಧಪುರ ಸಂಸ್ಥಾನದ ಕುದುರೆ ಪಡೆಯವರು ಊರಿನ ಕಡೆ ನುಗ್ಗಿದರೆ, ಮೈಸೂರಿನ ತುಕಡಿಯೊಂದು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನೇ ಹಿಡಿಯಿತು. ಸಂಜೆಯೊಳಗೆ ಊರು ಕೈವಶ, 1,350 ಜನ ಸೆರೆ. ಬೆಟ್ಟದ ಕಲ್ಲುದಾರಿಯಲ್ಲಿ ಕುದುರೆ ಹತ್ತಿಸುವುದು ಅಂದರೆ ಏನೆಂದು ನಮ್ಮ ದುರ್ಗದ ಕಲ್ಲುಮೆಟ್ಟಿಲು ಏರಿದವರಿಗೆ ಬಿಡಿಸಿ ಹೇಳಬೇಕಿಲ್ಲ. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಪ್ರತಿಮೆಯಾಗಿ ನಿಂತ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು, ಉಳಿದಿಬ್ಬರು ಜೋಧಪುರ, ಹೈದರಾಬಾದಿನವರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಈ ಪಡೆಯ ಸ್ಮಾರಕವಿದೆ. 1953ರಲ್ಲಿ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ ಭಾರತೀಯ ಸೇನೆಯ ಕುದುರೆ ದಳವಾದ 61ನೇ ಕ್ಯಾವಲ್ರಿ ಕಟ್ಟಿದಾಗ ನಮ್ಮವರೂ ಅದರಲ್ಲಿ ಸೇರಿದರು.

ಈಗ ನಿಮ್ಮ ಬಿಲ್ಲೆಯನ್ನು ಮಗುಚಿ ನೋಡಿ. ಅಚ್ಚೊತ್ತಿ ಮಾಡಿದ್ದಾದರೆ ಮುಂದಿನ ಉಬ್ಬೆಲ್ಲ ಹಿಂದೆ ತಗ್ಗಾಗಿ ಕಾಣುತ್ತದೆ. ಎರಕ ಹೊಯ್ದ ನಕಲಾದರೆ ತೂಕ ಹೆಚ್ಚು, ಹಿಂಬದಿಯಲ್ಲಿ ಸಣ್ಣ ಸಣ್ಣ ಗುಳಿ. ಹಕ್ಕಿಯ ಎದೆಯ ಮೇಲೆ ಬೆರಳಾಡಿಸಿ. ರೆಕ್ಕೆಯ ಸಂದಿಯಲ್ಲಿ ಗರಿಗಳು ಚೂಪಾಗಿದ್ದು ಎದೆ ಮಾತ್ರ ನುಣುಪಾಗಿದ್ದರೆ, ಅದು ನಿಮ್ಮಜ್ಜ ಪೆರೇಡಿಗೆ ಮುಂಚೆ ದಿನಾ ಬೆಳಿಗ್ಗೆ ಉಜ್ಜಿದ ಗುರುತು.